ಕೌರಿ ಕಾಡಿಗೆ ಹೊರಟಿದ್ದೀರಾ? ಮೊದಲು ಶೂ ಉಜ್ಜಿ

ನ್ಯೂಜಿಲೆಂಡಿನಲ್ಲಿ ಇರುವವರು, ಇಲ್ಲಿಗೆ ಸುತ್ತಾಡಲು ಬರುವವರು ಇದನ್ನು ದಯವಿಟ್ಟು ಓದಿ. ಉತ್ತರ ದ್ವೀಪದ ಮೇಲ್ಭಾಗದಲ್ಲಿ ಮಾತ್ರ ತಾನಾಗಿ ಬೆಳೆಯುವ ಕೌರಿ ಮರಗಳು ಬೇರು ಕೊಳೆತು ಸಾಯುತ್ತಿವೆ. ಕಾರಣ ಫೈಟಾಫ್ತೊರಾ ಅಗಾತಿಡಿಸಿಡಾ ಎಂಬ ರೋಗಾಣು. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಫೈಟಾಫ್ತೊರಾ ಕುಲವೇ. ಆದರೆ ಅಲ್ಲಿ ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬಹುದು, ಇಲ್ಲಿ ರೋಗ ಕೂತಿರುವುದು ಮಣ್ಣಿನಲ್ಲಿ. ಕಾಂಡಕ್ಕೆ ಫಾಸ್ಫೈಟ್ ಎಂಬ ಮದ್ದು ಚುಚ್ಚಿದರೆ ರೋಗ ನಿಧಾನವಾಗುತ್ತದೆ, ಅಷ್ಟೇ, ಪೂರ್ತಿ ವಾಸಿಯಾಗುವುದಿಲ್ಲ. ಹಾಗಾಗಿ ಮಣ್ಣನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯದೇ ಇರುವುದೇ ನಮ್ಮ ಕೈಲಿರುವ ಕೆಲಸ.

ಗುಂಡುಸೂಜಿಯ ತಲೆಯಷ್ಟು ಮಣ್ಣು ಸಾಕು, ರೋಗ ಹೊಸ ಕಾಡಿಗೆ ದಾಟುತ್ತದೆ.

ಆದ್ದರಿಂದ ಮನೆಯಲ್ಲೇ ಶುರು ಮಾಡಿ. ಶೂ ತಿರುಗಿಸಿ, ಅಟ್ಟೆಯ ಗೀರುಗಳಲ್ಲಿ ಒಣಗಿ ಕೂತ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆಯಿರಿ, ಆಮೇಲೆ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಲೇಸಿನ ಸಂದು, ಹಿಮ್ಮಡಿಯ ಅಂಚು ಬಿಡಬೇಡಿ. ಊರುಗೋಲಿನ ತುದಿ, ಸೈಕಲ್ ಚಕ್ರ, ಮಗುವಿನ ತಳ್ಳುಗಾಡಿಯ ಚಕ್ರ, ಟೆಂಟಿನ ಗೂಟ ಎಲ್ಲವನ್ನೂ ನೋಡಿ. 2022ರಿಂದ ಇದು ಇಡೀ ದೇಶದ ನಿಯಮ: ಕೌರಿ ಕಾಡಿಗೆ ತರುವ ಸಾಮಾನಿನಲ್ಲಿ ಕಣ್ಣಿಗೆ ಕಾಣುವ ಮಣ್ಣು ಇರಕೂಡದು.

ಕಾಡಿನ ಬಾಗಿಲಲ್ಲಿ ಬ್ರಷ್, ಸೋಂಕುನಾಶಕ ಇಟ್ಟಿರುತ್ತಾರೆ. ಎಷ್ಟೋ ಜನ ಸುಮ್ನೆ ಒಂದು ಸಲ ಸ್ಪ್ರೇ ಮೇಲೆ ಕಾಲಿಟ್ಟು ಒಳಗೆ ನಡೆದುಬಿಡುತ್ತಾರೆ. ಅದು ಪ್ರಯೋಜನವಿಲ್ಲ. ಮಣ್ಣು ಮೆತ್ತಿಕೊಂಡಿದ್ದರೆ ಮದ್ದು ಒಳಗಿನ ರೋಗಾಣುವನ್ನು ಮುಟ್ಟುವುದೇ ಇಲ್ಲ. ಮೊದಲು ಉಜ್ಜಿ, ಆಮೇಲೆ ಸ್ಪ್ರೇ. ಹೊರಗೆ ಬರುವಾಗಲೂ ಹಾಗೇ ಮಾಡಬೇಕು.

ಒಳಗೆ ಹೋದ ಮೇಲೆ ದಾರಿ ಬಿಟ್ಟು ಇಳಿಯಬೇಡಿ, ಫೋಟೋಗೆ ಅಂತಲೂ ಬೇಡ. ಕೌರಿಯ ತೆಳು ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಇರುತ್ತವೆ, ಮರದ ಕೊಂಬೆ ಚಾಚಿದ ದೂರಕ್ಕಿಂತ ಮೂರು ಪಟ್ಟು ದೂರದವರೆಗೂ ಹರಡಿರಬಹುದು. ವೈಪೌವಾ ಕಾಡಿನಲ್ಲಿ ತಾನೆ ಮಹುಟ ಎಂಬ ದೈತ್ಯ ಮರದ ಬಳಿ ಹಲಗೆ ದಾರಿ ಹಾಕಿರುವುದು ಅದಕ್ಕೇ. ನೆಲ ಒದ್ದೆಯಾಗಿದ್ದರೆ ಅಪಾಯ ಜಾಸ್ತಿ, ಯಾಕೆಂದರೆ ಈ ರೋಗಾಣು ನೀರಿನಲ್ಲಿ ಈಜುತ್ತದೆ. ನಾಯಿಯನ್ನು ಕರೆದೊಯ್ಯಬಹುದು ಎಂದು ಫಲಕದಲ್ಲಿ ಇದ್ದರೂ ಹಗ್ಗ ಹಿಡಿದೇ ಇರಿ, ಅದರ ಪಾದಗಳನ್ನೂ ಒರೆಸಿ.

ದಾರಿ ಮುಚ್ಚಿದ್ದರೆ ವಾಪಸ್ ಬನ್ನಿ. 2017ರಲ್ಲಿ ತೆ ಕವೆರೌ ಆ ಮಾಕಿ ಎಂಬ ಮಾವೊರಿ (ಇಲ್ಲಿನ ಮೂಲನಿವಾಸಿ) ಸಮುದಾಯ ಆಕ್ಲೆಂಡ್ ಪಕ್ಕದ ವೈಟಾಕೆರೆ ಬೆಟ್ಟಗಳಿಗೆ ರಾಹುಯಿ ಹಾಕಿತು, ಅಂದರೆ ಯಾರೂ ಹೋಗಬಾರದು ಎಂಬ ಕಟ್ಟಳೆ. ಮರುವರ್ಷ ಆಕ್ಲೆಂಡ್ ಕೌನ್ಸಿಲ್ ಅಲ್ಲಿನ ಹೆಚ್ಚಿನ ಕಾಡನ್ನು ಮುಚ್ಚಿತು. ಕೆಲವು ದಾರಿ ಆಮೇಲೆ ತೆರೆದಿವೆ, ಹೊರಡುವ ಮುಂಚೆ ವಿಚಾರಿಸಿ.

ಬುಡದಿಂದ ಅಂಟು ಸುರಿಯುತ್ತಿದ್ದರೆ, ಎಲೆ ಹಳದಿಯಾಗಿ ಮೇಲಿನ ಕೊಂಬೆ ಬೋಳಾಗುತ್ತಿದ್ದರೆ ದಾರಿಯಿಂದಲೇ ಫೋಟೋ ತೆಗೆದು ಜಾಗದ ಗುರುತು ಸಮೇತ ಸ್ಥಳೀಯ ಕೌನ್ಸಿಲ್‌ಗೆ ಕಳಿಸಿ. ಹತ್ತಿರ ಹೋಗಿ ಮುಟ್ಟಬೇಡಿ.