ಅಮೆರಿಕದಲ್ಲಿ ಕುಡಿತ ಬಿಡಬೇಕು ಅಂದುಕೊಂಡವರಿಗೆ: ಎ.ಎ. ಮೀಟಿಂಗ್‌ಗೆ ಹೋಗುವ ಬಗೆ

ಈ ದೇಶದಲ್ಲಿ ಹಲ್ಲುನೋವಿಗೆ ಹೋದರೂ ಮೊದಲು ಇನ್ಶೂರೆನ್ಸ್ ಕಾರ್ಡ್ ತೆಗೆಯಬೇಕು. ಅದೇ ರೂಢಿಯಲ್ಲಿ, ಕುಡಿತ ಬಿಡಲೇಬೇಕು ಅನ್ನಿಸಿದ ರಾತ್ರಿ ನಾನು ಹುಡುಕಿದ್ದು ನೋಂದಣಿ ಫಾರಂ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಎ.ಎ. ಅನ್ನುವ ಕೂಟಕ್ಕೆ ಅಂಥದ್ದು ಇಲ್ಲವೇ ಇಲ್ಲ. 1935ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ಷೇರುಪೇಟೆಯವನೊಬ್ಬ, ಸರ್ಜನ್ ಒಬ್ಬ, ಇಬ್ಬರೂ ಕುಡುಕರೇ, ಎದುರುಬದುರು ಕೂತು ಮಾತಾಡಿದ್ದರಿಂದ ಶುರುವಾದದ್ದು ಇದು. ಇವತ್ತಿಗೂ ಸೇರಲು ಬೇಕಾದ ಅರ್ಹತೆ ಒಂದೇ: ಕುಡಿತ ಬಿಡುವ ಆಸೆ. ಫೀಸಿಲ್ಲ, ಎಸ್‌ಎಸ್‌ಎನ್ (ಇಲ್ಲಿ ಎಲ್ಲದಕ್ಕೂ ಕೇಳುವ ಸೋಷಿಯಲ್ ಸೆಕ್ಯುರಿಟಿ ನಂಬರ್) ಕೇಳುವುದಿಲ್ಲ, ಹೆಸರಿನಲ್ಲೂ ಮೊದಲರ್ಧ ಸಾಕು.

ಮೀಟಿಂಗ್‌ಗಿಂತ ಮುಂಚೆ ಒಂದು ಮಾತು. ದಿನಾ ಹೆಚ್ಚು ಕುಡಿಯುವವರು, ಬೆಳಗ್ಗೆ ಎದ್ದಾಗ ಕೈ ನಡುಗುವವರು, ಹಟಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರನ್ನು ಕಾಣಿ; ಅಂಥ ಲಕ್ಷಣ ಕಂಡರೆ ತಡಮಾಡದೆ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಸ್ಯಾಮ್ಸಾ ಎಂಬ ಸರ್ಕಾರಿ ಸಂಸ್ಥೆಯ ಸಹಾಯವಾಣಿ 1-800-662-4357 ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ.

ಮೀಟಿಂಗ್ ಹುಡುಕುವುದು ಸುಲಭ. 'ಮೀಟಿಂಗ್ ಗೈಡ್' ಅನ್ನುವ ಆ್ಯಪ್ ಹಾಕಿಕೊಂಡರೆ ಹತ್ತಿರದ ಜಾಗ, ದಿನ, ಹೊತ್ತು ಎಲ್ಲ ಬರುತ್ತದೆ. ಪಟ್ಟಿಯಲ್ಲಿ 'ಓಪನ್' ಅಂತಿದ್ದರೆ ಯಾರು ಬೇಕಾದರೂ ಕೂರಬಹುದು, ಹೆಂಡತಿಯನ್ನೋ ಗೆಳೆಯನನ್ನೋ ಜೊತೆಗೆ ಕರೆದೊಯ್ಯಬಹುದು. 'ಕ್ಲೋಸ್ಡ್' ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ವಿಳಾಸ ನೋಡಿದರೆ ಎಷ್ಟೋ ಸಲ ಚರ್ಚ್‌ನದ್ದೇ ಇರುತ್ತದೆ. ಗಾಬರಿ ಬೇಡ, ಅವರಿಂದ ಕೋಣೆ ಬಾಡಿಗೆಗೆ ಪಡೆದಿರುತ್ತಾರೆ ಅಷ್ಟೆ. ಆದರೂ ದೇವರ ಮಾತು ಬಂದೇ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 'ಹೈಯರ್ ಪವರ್' ಅನ್ನುತ್ತಾರೆ. ಅದು ಯಾರು, ಏನು ಅನ್ನುವುದು ನಿಮಗೇ ಬಿಟ್ಟದ್ದು. ಕೊನೆಯಲ್ಲಿ ಪ್ರಾರ್ಥನೆ ಹೇಳುವಾಗ ನಾನು ಸುಮ್ಮನೆ ನಿಂತಿರುತ್ತೇನೆ, ಯಾರೂ ಏನೂ ಅಂದಿಲ್ಲ. ಇದೆಲ್ಲ ಒಗ್ಗುವುದೇ ಇಲ್ಲ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಇದೆ. ಅಲ್ಲಿ ದೇವರಿಲ್ಲ, ಮನಶ್ಶಾಸ್ತ್ರದ ಅಭ್ಯಾಸಗಳಿವೆ.

ನಾನು ಮೊದಲ ಸಲ ಹೋದಾಗ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನಿಂದ ಇಳಿಯುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಒಳಗೆ ಮಡಚುವ ಕುರ್ಚಿಗಳು, ದೊಡ್ಡ ಡಬ್ಬಿಯಲ್ಲಿ ನೀರು ನೀರಾದ ಕಾಫಿ. ಹೊಸಬರು ಯಾರಾದರೂ ಇದ್ದೀರಾ ಅಂತ ಕೇಳಿದರು. ಕೈ ಎತ್ತಿದೆ, ಹೆಸರು ಹೇಳಿದೆ, ಎಲ್ಲರೂ ಒಟ್ಟಿಗೆ 'ಹಾಯ್' ಅಂದು ನನ್ನ ಹೆಸರನ್ನು ತಮಗೆ ಬಂದಂತೆ ತಿರುಚಿದರು. ಮಾತಿನ ಸರದಿ ನನ್ನ ಹತ್ತಿರ ಬಂದಾಗ 'ಪಾಸ್' ಅಂದೆ, ಮುಂದಿನವರು ಶುರುಮಾಡಿದರು. ಬುಟ್ಟಿಯೊಂದು ಕೈಯಿಂದ ಕೈಗೆ ಬಂತು. ನಾನು ಐದು ಡಾಲರ್ ತೆಗೆಯುತ್ತಿದ್ದಂತೆ ಪಕ್ಕದ ಮುದುಕ ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, 'ಹೊಸಬರು ಹಾಕುವುದಿಲ್ಲ' ಅಂದ. ಬಾಡಿಗೆ, ಕಾಫಿ ಎಲ್ಲ ಹಳಬರ ಚಿಲ್ಲರೆಯಲ್ಲೇ ನಡೆಯುತ್ತದೆ. ಹೊರಗಿನವರ ದೇಣಿಗೆ ಎ.ಎ. ಮುಟ್ಟುವುದಿಲ್ಲ.

ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ್ದು ಇನ್ನೊಂದು. ಒಬ್ಬ ಅತ್ತುಕೊಂಡು ಮಾತು ಮುಗಿಸಿದ, ಒಬ್ಬರೂ ಬುದ್ಧಿ ಹೇಳಲಿಲ್ಲ. 'ಥ್ಯಾಂಕ್ಸ್' ಅಂದು ಮುಂದಕ್ಕೆ ಹೋದರು. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವುದನ್ನು 'ಕ್ರಾಸ್‌ಟಾಕ್' ಅನ್ನುತ್ತಾರೆ, ಬಹಳ ಗುಂಪುಗಳಲ್ಲಿ ಅದು ಕೂಡದು. ಕೇಳಿದವರಿಗೂ ಕೇಳದವರಿಗೂ ಉಪದೇಶ ಮಾಡುವ ನಮ್ಮ ಮಂದಿಗೆ ಇದು ಸುಲಭದಲ್ಲಿ ಅರಗುವುದಿಲ್ಲ.

ಇನ್ನು ವೀಸಾ ಭಯ. ಎ.ಎ. ಹಾಜರಿ ಪುಸ್ತಕ ಇಡುವುದಿಲ್ಲ, ಯಾರಿಗೂ ವರದಿ ಕಳಿಸುವುದಿಲ್ಲ. ಕೆಲವರು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಕಂಡರೆ, ಅದು ಕೋರ್ಟು ಅವರನ್ನು ಕಳಿಸಿದ್ದರಿಂದ. ವೀಸಾಕ್ಕೆ ನಿಜವಾದ ಕುತ್ತು ಕುಡಿದು ಕಾರು ಓಡಿಸಿ ಸಿಕ್ಕಿಬೀಳುವುದು: ಡಿಯುಐನಲ್ಲಿ ಅರೆಸ್ಟ್ ಆದರೆ, ಶಿಕ್ಷೆ ಆಗುವ ಮುಂಚೆಯೇ ವೀಸಾ ರದ್ದಾಗಬಹುದು. ಗ್ರೀನ್ ಕಾರ್ಡ್ ವೈದ್ಯಕೀಯ ತಪಾಸಣೆಯಲ್ಲೂ ಕುಡಿತದ ವಿಷಯ ಬರುತ್ತದೆ. ಹಿಂದೆ ಅಂಥ ಕೇಸ್ ಇದ್ದವರು ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಹೋಗಿ. ಚಿಕಿತ್ಸಾ ಕೇಂದ್ರಕ್ಕೆ ಸೇರುವುದಾದರೆ ಅಲ್ಲಿನ ದಾಖಲೆಗಳ ಗುಟ್ಟು ಕಾಯಲು ಪ್ರತ್ಯೇಕ ಫೆಡರಲ್ ಕಾನೂನೇ ಇದೆ.

ಕನ್ನಡ ಸಂಘದವರು ಯಾರಾದರೂ ನೋಡಿಬಿಟ್ಟರೆ? ಈ ಹೆದರಿಕೆಯಲ್ಲಿ ನಾನೇ ಎರಡು ವರ್ಷ ಕಳೆದೆ. ಅಷ್ಟು ಕಷ್ಟವಾದರೆ ಬೇರೆ ರಾಜ್ಯದ ಗುಂಪಿನ ಜೂಮ್ ಮೀಟಿಂಗ್‌ನಿಂದ ಶುರುಮಾಡಿ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯದೇ ಕೂಟವಿದೆ, ನೀವು ಕುಡಿತ ಬಿಟ್ಟಿರಲಿ ಬಿಡದಿರಲಿ ಅವರು ಹೋಗಬಹುದು.

ಒಂದು ಮೀಟಿಂಗ್ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ನನಗೆ ಹೊಂದಿದ್ದು ಐದನೆಯದು. ಹೊರಡುವ ಮುಂಚೆ ಯಾರಾದರೂ ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರೆ ಇಸಿದುಕೊಳ್ಳಿ. ಬರೀ ಮರ್ಯಾದೆಗೆ ಕೊಡುವ ನಂಬರಲ್ಲ ಅದು. ಶುಕ್ರವಾರ ಸಂಜೆ ಆಫೀಸಿನಿಂದ ಬರುತ್ತಾ ಲಿಕ್ಕರ್ ಅಂಗಡಿ ಮುಂದೆ ಕಾರು ತಾನಾಗಿ ನಿಧಾನವಾದಾಗ ಫೋನ್ ಮಾಡುವುದಕ್ಕೆ.