ವೆಬ್‌ವ್ಯೂ ಬಳಸುವವರಿಗೆ ಒಂದು ಸಲಹೆ

ಚಿಕ್ಕಮಗಳೂರಿನ ಬೆಳೆಗಾರರಿಗೆಂದು ನಾನು ಮಾಡಿದ ಕಾಫಿ ದರದ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಅಭಿಪ್ರಾಯ ಬರೆಯಲು ಜಾಗವಿದೆ. ಪರೀಕ್ಷಿಸೋಣವೆಂದು ‘ಅರೇಬಿಕಾ ಚೀಲಕ್ಕೆಷ್ಟು?’ ಎಂದು ಬರೆದು, ಪಕ್ಕದಲ್ಲಿ ಇಲ್ಲದ ಚಿತ್ರದ ಟ್ಯಾಗ್ ಇಟ್ಟು, ಅದರ ಆನ್‌ಎರರ್‌ನೊಳಗೆ (ಚಿತ್ರ ಸಿಗದಿದ್ದಾಗ ಓಡುವ ಕೋಡ್‌ನ ಜಾಗ) ಒಂದು ಸಾಲು ಜಾವಾಸ್ಕ್ರಿಪ್ಟ್ ಸೇರಿಸಿದೆ. ಆ್ಯಪ್‌ನೊಳಗೇ ವೆಬ್ ಪುಟ ತೋರಿಸುವ ವೆಬ್‌ವ್ಯೂ ಅದನ್ನು ಓಡಿಸಿಯೇ ಬಿಟ್ಟಿತು! ತಪ್ಪು ನನ್ನದೇ, ಬರೆದದ್ದನ್ನು ಪುಟದ ಕೋಡ್ ಎಂದೇ ಓದುವ ಇನ್ನರ್‌ಎಚ್‌ಟಿಎಂಎಲ್ ಬಳಸಿದ್ದೆ. ಟೆಕ್ಸ್ಟ್‌ಕಂಟೆಂಟ್‌ಗೆ ಬದಲಿಸಿದ ಮೇಲೆ ಅದು ಬರೀ ಅಕ್ಷರವಾಗಿ ಉಳಿಯಿತು.

ವೆಬ್‌ವ್ಯೂನಲ್ಲಿ ಜಾವಾಸ್ಕ್ರಿಪ್ಟ್ ಮೊದಲಿಗೆ ಆಫ್ ಆಗಿಯೇ ಇರುತ್ತದೆ, ಅಗತ್ಯವಿಲ್ಲದಿದ್ದರೆ ಮುಟ್ಟಬೇಡಿ. ಬೇಕೇ ಬೇಕೆಂದರೆ ನಿಮ್ಮ ಎಚ್‌ಟಿಟಿಪಿಎಸ್ ಪುಟಗಳು ಮಾತ್ರ ತೆರೆಯಲಿ. ಡೊಮೇನ್ ಹೆಸರನ್ನು ಪೂರ್ತಿ ಹೋಲಿಸಿ ನೋಡಿ. ಹೆಸರು ವಿಳಾಸದಲ್ಲಿ ಎಲ್ಲಾದರೂ ಇದೆಯೇ ಎಂದಷ್ಟೇ ನೋಡುವ ‘ಕಂಟೇನ್ಸ್’ ಪರೀಕ್ಷೆ ಕಾಡಾನೆಗೆ ಕಟ್ಟಿದ ಮುಳ್ಳುಬೇಲಿಯಷ್ಟೇ ಗಟ್ಟಿ. ಪುಟದ ಜಾವಾಸ್ಕ್ರಿಪ್ಟ್ ಆ್ಯಪ್‌ನ ಕೋಡನ್ನು ಕರೆಯಲು ಬಿಡುವ ಆ್ಯಡ್‌ಜಾವಾಸ್ಕ್ರಿಪ್ಟ್‌ಇಂಟರ್‌ಫೇಸ್ ಬಳಸುವ ಮುನ್ನ ಎರಡು ಸಲ ಯೋಚಿಸಿ: ಅದು ನಿಮ್ಮ ಪುಟಕ್ಕಷ್ಟೇ ಅಲ್ಲ, ಒಳಗಿರುವ ಜಾಹೀರಾತಿನ ಐಫ್ರೇಮ್‌ಗೂ (ಪುಟದೊಳಗಿನ ಪುಟಕ್ಕೂ) ಸಿಗುತ್ತದೆ.