ಹಳೇ ಕಾರಿನ ವೈಪರ್ ಜೋರು ಮಳೆಗೆ ತಡೆಯಬೇಕಾದರೆ

ನನ್ನ ಕಾರು 1962ರದ್ದು, ಅಪ್ಪ ಓಡಿಸುತ್ತಿದ್ದದ್ದು. ತುಂತುರು ಮಳೆಗೆ ಅದರ ವೈಪರ್ ಸಾಕಾಗುತ್ತಿತ್ತು. ಒಂದು ರಾತ್ರಿ ಮಳೆ ಹುಯ್ಯುತ್ತಿತ್ತು. ಹೆಡ್‌ಲೈಟ್, ಹೀಟರ್ ಫ್ಯಾನ್, ವೈಪರ್ ಮೂರೂ ಹಾಕಿಕೊಂಡು ಬಂದು ಸಿಗ್ನಲ್‌ನಲ್ಲಿ ನಿಂತೆ. ವೈಪರ್ ಅರ್ಧ ಗಾಜಿನವರೆಗೆ ಬಂದು ಅಲ್ಲೇ ನಿಂತುಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಹೊರಟಿತು. ಪಕ್ಕದಲ್ಲಿ ಭಾವ ಇದ್ದರು. "ಮೋಟರ್ ಹೋಗಿದೆ, ಹೊಸದು ಹಾಕ್ಸು ಮಾರಾಯಾ" ಅಂದರು. ನನಗೂ ಹಾಗೇ ಅನ್ನಿಸಿತು. ಇಬ್ಬರ ಲೆಕ್ಕವೂ ತಪ್ಪಿತ್ತು.

ಹೊಸ ಮೋಟರ್ ಹುಡುಕುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಗಾಜಿನ ಮೇಲೆ ಪೈಪಿನಿಂದ ನೀರು ಬಿಟ್ಟು ವೈಪರ್ ಓಡಿಸಿ. ಒಣ ಗಾಜಿನ ಮೇಲೆ ಬೇಡ, ರಬ್ಬರೂ ಹಾಳು, ಮೋಟರ್‌ಗೂ ಸುಮ್ನೆ ಭಾರ. ವೈಪರ್ ಓಡುತ್ತಿರುವಾಗಲೇ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ, ಮೋಟರ್ ಹತ್ತಿರ ಎಷ್ಟು ಸಿಗುತ್ತಿದೆ ಅಂತ ನೋಡಿ. ನನ್ನದರಲ್ಲಿ ಬ್ಯಾಟರಿ ಹತ್ತಿರ 12.4, ಮೋಟರ್ ಹತ್ತಿರ 10.3. ಎರಡು ವೋಲ್ಟ್ ದಾರಿಯಲ್ಲೇ ಮಾಯ! ಅರ್ಧ ವೋಲ್ಟ್‌ಗಿಂತ ಜಾಸ್ತಿ ಕಡಿಮೆಯಾದರೆ ತಪ್ಪು ಮೋಟರ್‌ನದ್ದು ಅನ್ನಬೇಡಿ.

ಕಳ್ಳ ಸಿಕ್ಕಿದ್ದು ಎರಡು ಕಡೆ. ಫ್ಯೂಸ್ ಹಿಡಿಯುವ ಕ್ಲಿಪ್‌ಗೆ ಹಸಿರು ಕಿಲುಬು ಹಿಡಿದಿತ್ತು. ಕಾರಿನ ಲೋಹದ ಮೈಗೆ ಸೇರುವ ಅರ್ತ್ ವೈರಿನ ಬೋಲ್ಟ್ ಕೆಳಗೆ ಯಾರೋ ಎಂದೋ ಬಳಿದ ಬಣ್ಣ ಹಾಗೇ ಇತ್ತು. ಎರಡನ್ನೂ ಎಮರಿ ಪೇಪರ್‌ನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದೆ. ಮೋಟರ್ ಹತ್ತಿರ 12 ವೋಲ್ಟ್ ಬಂತು.

ಸಿಗ್ನಲ್‌ನಲ್ಲಿ ನಿಂತದ್ದಕ್ಕೆ ಕಾರಣ ಬೇರೆ. ಬ್ಯಾಟರಿ ಚಾರ್ಜ್ ಮಾಡಲು ಹಳೇ ಥರದ ಡೈನಮೋ ಇರುವ ಕಾರಿನಲ್ಲಿ ಎಂಜಿನ್ ಐಡಲ್‌ನಲ್ಲಿದ್ದಾಗ ಚಾರ್ಜಿಂಗ್ ಇಲ್ಲವೆಂದೇ ಹೇಳಬಹುದು. ಎಲ್ಲ ಭಾರವೂ ಬ್ಯಾಟರಿ ಮೇಲೆ. ಐಡಲ್‌ನಲ್ಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿಸಿದರೆ ಈ ಕಾಟ ತಪ್ಪುತ್ತದೆ. ನಾನು ಹಾಕಿಸಿಲ್ಲ. ಸಿಗ್ನಲ್‌ನಲ್ಲಿ ಹೀಟರ್ ಫ್ಯಾನ್ ಆಫ್ ಮಾಡುತ್ತೇನೆ, ಅಷ್ಟೇ.

ಇನ್ನು ವೈಪರನ್ನು ಒಳಗೇ ಹಿಡಿದೆಳೆಯುವ ಬಿಗಿತ. ಬ್ಯಾಟರಿ ವೈರ್ ಕಳಚಿಯೇ ಇದಕ್ಕೆ ಕೈ ಹಾಕಿ. ಬೆರಳು ಒಳಗಿರುವಾಗ ವೈಪರ್ ಹೊರಟರೆ ಗತಿ ಗೊತ್ತಲ್ವಾ? ನನ್ನ ಕಾರಿನಂಥ ಹಲವು ಕಾರುಗಳಲ್ಲಿ ಮೋಟರ್‌ನಿಂದ ಒಂದು ಹಲ್ಲಿನ ಕೇಬಲ್ ಲೋಹದ ಕೊಳವೆಯೊಳಗೆ ಹಿಂದೆ ಮುಂದೆ ಓಡುತ್ತದೆ. ವೈಪರ್ ಕಡ್ಡಿ ಕೂರುವ ಹಲ್ಲಿನ ಗಾಲಿಗಳನ್ನು ತಿರುಗಿಸುವುದು ಅದೇ. ನಾನು ಆ ಕೇಬಲನ್ನು ಹೊರಗೆಳೆಯಲು ಎರಡೂ ಕೈ ಬೇಕಾಯಿತು. ಹಳೇ ಗ್ರೀಸ್ ಒಣಗಿ ಮೇಣದ ಹಾಗೆ ಹಲ್ಲುಗಳ ಸಂದಿನಲ್ಲಿ ಕೂತಿತ್ತು, ಉಗುರಿನಲ್ಲಿ ಕೆರೆದರೆ ಕಂದು ಪುಡಿ. ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಶ್ ಹಾಕಿ ತೊಳೆದೆ. ಕೊಳವೆಯೊಳಗೆ ದಾರಕ್ಕೆ ಬಟ್ಟೆ ಕಟ್ಟಿ ಎಳೆದೆ, ಬಟ್ಟೆ ಬೆಳ್ಳಗೆ ಹೊರಬರುವವರೆಗೆ. ಆಮೇಲೆ ಲಿಥಿಯಂ ಗ್ರೀಸ್ ತೆಳ್ಳಗೆ ಹಚ್ಚಿ ಸೇರಿಸಿದರೆ ಕೇಬಲ್ ಒಂದೇ ಕೈಗೆ ಜಾರಿತು. ವೈಪರ್ ಕಡ್ಡಿ ಕೂರುವ ಗಾಲಿಗಳ ಅಚ್ಚಿಗೂ ಎರಡು ಹನಿ ಎಣ್ಣೆ ಬಿಡಿ. ಕೊಳವೆ ಎಲ್ಲಾದರೂ ಜಜ್ಜಿ ಹೋಗಿದ್ದರೆ ಬದಲಿಸಲೇಬೇಕು.

ಇಷ್ಟಕ್ಕೇ ನನ್ನ ವೈಪರ್ ಮೊದಲಿಗಿಂತ ಬಹಳ ಚುರುಕಾಯಿತು. ಆದರೂ ಜೋರು ಮಳೆಗೆ ಒಂದೇ ವೇಗ ಸಾಲದು. ಆಗ ಎರಡು ವೇಗದ ಮೋಟರ್ ಹಾಕಿದೆ. ಇಲ್ಲಿ ಒಂದು ಎಚ್ಚರ. ಹಳೇ ಕಾರು ಕೆಲವದರಲ್ಲಿ ಬ್ಯಾಟರಿಯ ಮೈನಸ್ ಬದಲು ಪ್ಲಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಅಯಸ್ಕಾಂತದ ಬದಲು ಕಾಯಿಲ್ ಸುತ್ತಿದ ಹಳೇ ಮೋಟರ್ ಪ್ಲಸ್ ಮೈನಸ್ ಅದಲು ಬದಲಾದರೂ ಅದೇ ದಿಕ್ಕಿಗೆ ತಿರುಗುತ್ತದೆ. ಅಯಸ್ಕಾಂತ ಇರುವ ಹೊಸ ಮೋಟರ್ ಹಾಗಲ್ಲ, ಉಲ್ಟಾ ತಿರುಗುತ್ತದೆ, ಆಫ್ ಮಾಡಿದಾಗ ವೈಪರನ್ನು ಗಾಜಿನ ಅಂಚಿಗೆ ತಂದು ನಿಲ್ಲಿಸುವ ಪಾರ್ಕಿಂಗ್ ಸ್ವಿಚ್ ಲೆಕ್ಕವೂ ಕೆಡುತ್ತದೆ. ಹಳೇ ಸ್ವಿಚ್ ಕೆಲವದರಲ್ಲಿ ಅರ್ತ್ ಕಡೆಗಿರುತ್ತದೆ, ಹೊಸದರಲ್ಲಿ ಬೇರೆ ಥರ. ವೈರಿಂಗ್ ಚಿತ್ರ ಮುಂದಿಟ್ಟುಕೊಂಡೇ ಮಾಡಿ. ಹಳೇ ಸ್ವಿಚ್ ಮೇಲೆ ಭಾರ ಬೀಳದ ಹಾಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಹಾಕಿ, ಅದಕ್ಕೆ ಪ್ರತ್ಯೇಕ ಫ್ಯೂಸ್ ಇರಲಿ.

ಎಂಜಿನ್ ಹೀರುವ ಗಾಳಿಯಿಂದಲೇ ಓಡುವ ವೈಪರ್ ನಿಮ್ಮದಾದರೆ ಏರು ಹತ್ತುವಾಗ ಅದು ನಿಧಾನವಾಗುವುದು ಸಹಜ, ಥ್ರಾಟಲ್ ತೆರೆದಾಗ ಎಳೆತ ಕಡಿಮೆಯಾಗುತ್ತದೆ. ಅದಕ್ಕೆ ಕರೆಂಟಿನ ಮೋಟರ್ ಕಿಟ್ ಹಾಕುವುದೇ ಒಳ್ಳೆಯದು.

ಬ್ಲೇಡ್ ಆರಿಸುವಾಗ ಗಾಜಿನ ಬಾಗು ನೋಡಿ. ಈಗಿನ ಚಪ್ಪಟೆ ಬ್ಲೇಡ್‌ಗಳು ಬಾಗಿದ ಗಾಜಿಗೆ ಮಾಡಿದವು. ನೇರ ಗಾಜಿನ ಮೇಲೆ ತುದಿಗಳು ಒತ್ತಿ ನಡು ಮೇಲೇಳಬಹುದು. ನಾನು ಹಳೇ ಥರದ ಚೌಕಟ್ಟಿನ ಬ್ಲೇಡನ್ನೇ ಉಳಿಸಿಕೊಂಡು ರಬ್ಬರ್ ಹೊಸದು ಹಾಕಿದೆ. ಉದ್ದ ಹೆಚ್ಚಿಸುವ ಆಸೆ ಬೇಡ, ಅಷ್ಟೂ ಮೋಟರ್ ಮೇಲೆ ಭಾರ. ಅದರ ಬದಲು ಕಡ್ಡಿಯ ಸ್ಪ್ರಿಂಗ್ ನೋಡಿ. ಬ್ಲೇಡ್ ಸೇರುವ ತುದಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಗಾಜಿನಿಂದ ಮೇಲಕ್ಕೆ ಎಳೆಯಿರಿ. 30 ಸೆಂಟಿಮೀಟರ್ ಬ್ಲೇಡ್‌ಗೆ ಸುಮಾರು 350ರಿಂದ 450 ಗ್ರಾಂ ಬಂದರೆ ಸರಿ. ನನ್ನದು 200 ತೋರಿಸಿತು! ಸ್ಪ್ರಿಂಗ್ ಬದಲಿಸಿದೆ.

ಬ್ಲೇಡ್ ಒಂದು ಕಡೆ ಹೋಗುವಾಗ ಸುಮ್ಮನಿದ್ದು ಇನ್ನೊಂದು ಕಡೆ ಕಟಕಟ ಕುಣಿದರೆ ಕಡ್ಡಿ ತಿರುಚಿಕೊಂಡಿದೆ ಎಂದು ಅರ್ಥ. ಬ್ಲೇಡ್ ಗಾಜಿಗೆ ನೆಟ್ಟಗೆ ನಿಲ್ಲುವ ಹಾಗೆ ಎರಡು ಸ್ಪ್ಯಾನರ್‌ನಲ್ಲಿ ಹಿಡಿದು ಚೂರೇ ಚೂರು ತಿರುವಿ. ಗಾಜಿನ ಮೇಲಿನ ಎಣ್ಣೆ ಜಿಡ್ಡು ಮೊದಲೇ ಆಲ್ಕೋಹಾಲ್‌ನಲ್ಲಿ ಒರೆಸಿರಿ.

ಕಡೆಗೆ ಕಡ್ಡಿ ಕೂರಿಸುವುದು. ಕಡ್ಡಿ ಇಲ್ಲದೆಯೇ ಮೋಟರ್ ಓಡಿಸಿ, ಆಫ್ ಮಾಡಿ, ತಾನಾಗಿ ಪಾರ್ಕ್ ಆಗಲಿ. ಆಮೇಲೆ ಕಡ್ಡಿ ಸಿಕ್ಕಿಸಿ. ನೀರು ಜಾಸ್ತಿ, ವೇಗ ಜಾಸ್ತಿ ಇದ್ದಾಗ ಬ್ಲೇಡ್ ತುಸು ಮುಂದಕ್ಕೆ ಹಾರುತ್ತದೆ. ನಾನು ಅಂಚಿನ ರಬ್ಬರಿಗೆ ಒಂದು ಬೆರಳು ಜಾಗ ಬಿಟ್ಟಿದ್ದೆ, ಹೊಡೆಯಿತು. ಈಗ ಎರಡು ಬೆರಳು.